ಮಕ್ಕಳ ಐಸ್ ಹಾಕಿಯಲ್ಲಿ ಬಾಡಿ ಚೆಕಿಂಗ್ ಇರಬೇಕೇ?

ಮಕ್ಕಳ ಐಸ್ ಹಾಕಿಗೆ ಹೆಸರು ನೋಂದಣಿಯ ತಿಂಗಳು ಬಂತೆಂದರೆ ಕೆನಡಾದ ಕ್ಯಾಲ್ಗರಿಯ ಕನ್ನಡ ಮನೆಗಳಿಂದ ನನಗೆ ಕರೆಗಳು ಬರತೊಡಗುತ್ತವೆ. "ಅಕ್ಕಾ, ಮಗನಿಗೆ ಹದಿಮೂರಾಗುತ್ತಿದೆ. ಬಾಡಿ ಚೆಕಿಂಗ್ ಇರುವ ವಿಭಾಗ, ಇಲ್ಲದ ವಿಭಾಗ ಎಂದು ಎರಡು ಕೊಟ್ಟಿದ್ದಾರೆ. ಯಾವುದಕ್ಕೆ ಸೇರಿಸಲಿ?" ಕೇಳುವವರ ದನಿಯಲ್ಲಿ ಅರ್ಧ ಭಯ, ಅರ್ಧ ಸಂಕೋಚ. ನನ್ನ ಮಕ್ಕಳು ಇಲ್ಲಿಯೇ ಆಡಿ ಬೆಳೆದವರು. ತಂಡದ ಸುರಕ್ಷತೆ ನೋಡಿಕೊಳ್ಳುವ ಸ್ವಯಂಸೇವಕಿಯಾಗಿ ಬೆಂಚಿನ ಹಿಂದೆ ನಿಂತವಳು ನಾನು. ಅದಕ್ಕೇ ನನ್ನನ್ನು ಕೇಳುತ್ತಾರೆ.

ಬಾಡಿ ಚೆಕಿಂಗ್ ಎಂದರೆ ಎದುರಾಳಿಯನ್ನು ಮೈಯಿಂದ ಗುದ್ದಿ ತಳ್ಳುವುದು. ನನ್ನ ಉತ್ತರ: ಅದು ಇಲ್ಲದ ವಿಭಾಗಕ್ಕೆ ಸೇರಿಸಿ. ಅಷ್ಟೇ ಅಲ್ಲ, ಈ ಆಯ್ಕೆಯನ್ನು ತಂದೆತಾಯಿಯ ತಲೆಗೆ ಕಟ್ಟುವುದೇ ಸರಿಯಲ್ಲ ಎಂಬುದು ನನ್ನ ನಿಲುವು. ಸಂತೋಷಕ್ಕಾಗಿ, ಗೆಳೆತನಕ್ಕಾಗಿ ಆಡುವ ಮಕ್ಕಳ ವಿಭಾಗಗಳಲ್ಲಿ ಹದಿನೆಂಟು ತುಂಬುವವರೆಗೂ ಬಾಡಿ ಚೆಕಿಂಗ್ ಬೇಡ. ಅತ್ಯುನ್ನತ ಹಂತದ ಆಯ್ದ ತಂಡಗಳಲ್ಲಿ ಬೇಕೇ ಬೇಕೆಂದರೆ ಹದಿನೈದಕ್ಕೆ ಮೊದಲು ಬೇಡ.

ಊರಿನಿಂದ ಓದುವವರಿಗಾಗಿ ಆಟದ ಬಗ್ಗೆ ಎರಡು ಮಾತು. ಕೊಡಗಿನ ನನ್ನ ಗೆಳತಿಯ ಮನೆಯವರಿಗೆ ಹಾಕಿ ಎಂದರೆ ಹುಲ್ಲಿನ ಅಥವಾ ಟರ್ಫ್ ಮೇಲಿನ ಹಾಕಿ. ಕೊಡವ ಕುಟುಂಬಗಳೆಲ್ಲ ಸೇರಿ 1997ರಿಂದ ನಡೆಸಿಕೊಂಡು ಬಂದಿರುವ ಕೌಟುಂಬಿಕ ಹಾಕಿ ಹಬ್ಬ ಅವರ ಕಣ್ಣ ಮುಂದೆ ಬರುತ್ತದೆ. ಅಲ್ಲಿ ಎದುರಾಳಿಯ ಮೈಗೆ ಢಿಕ್ಕಿ ಹೊಡೆದರೆ ಫೌಲ್. ಐಸ್ ಹಾಕಿಯಲ್ಲಿ ಹಾಗಲ್ಲ. ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ಅದು ಯಾರ ಬಳಿ ಇದೆಯೋ ಅವನನ್ನು ಭುಜದಿಂದ ಅಥವಾ ಸೊಂಟದಿಂದ ಬಲವಾಗಿ ಗುದ್ದಿ, ಪಕ್‌ನಿಂದ ದೂರ ತಳ್ಳುವುದು ನಿಯಮಬದ್ಧ ತಂತ್ರ. ಇದೇ ಬಾಡಿ ಚೆಕಿಂಗ್. ಕಾಲಡಿ ಮಂಜುಗಡ್ಡೆ, ಕಾಲಿಗೆ ಉಕ್ಕಿನ ಸ್ಕೇಟ್, ಸುತ್ತಲೂ ಬಾಗದ ಗೋಡೆ. ಬಯಲಿನಲ್ಲಿ ಓಡುವವನಿಗಿಂತ ಎಷ್ಟೋ ವೇಗವಾಗಿ ಬರುವ ಇಬ್ಬರು ಹುಡುಗರು ಎದುರಾದಾಗ ಏನಾಗಬಹುದೆಂದು ಹೇಳಬೇಕಿಲ್ಲ.

ಚೆಕಿಂಗ್ ಇಲ್ಲದ ಆಟವೆಂದರೆ ಮೈ ತಾಗದ ಆಟ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಪಕ್‌ಗಾಗಿ ಭುಜಕ್ಕೆ ಭುಜ ಕೊಟ್ಟು ಹೋರಾಡಬಹುದು, ದಾರಿಗೆ ಅಡ್ಡ ನಿಲ್ಲಬಹುದು, ಎದುರಾಳಿಯನ್ನು ಗೋಡೆಯ ಕಡೆಗೆ ಒತ್ತರಿಸಿಕೊಂಡು ಹೋಗಬಹುದು. ಅವನನ್ನು ಕೆಡಹಲೆಂದೇ ನುಗ್ಗಿ ಗುದ್ದುವಂತಿಲ್ಲ, ಅಷ್ಟೇ.

ಈಗ ವಯಸ್ಸಿನ ವಿಚಾರ. ಇಲ್ಲಿ ಮಕ್ಕಳನ್ನು ಹುಟ್ಟಿದ ವರ್ಷದ ಮೇಲೆ ವಿಂಗಡಿಸುತ್ತಾರೆ. ಹೆಚ್ಚಿನ ವಿಭಾಗಗಳಲ್ಲಿ ಎರಡು ವರ್ಷದ ಮಕ್ಕಳು ಒಟ್ಟಿಗೆ ಆಡುತ್ತಾರೆ. ಮೊದಲ ವರ್ಷದ ಜನವರಿಯಲ್ಲಿ ಹುಟ್ಟಿದವನೂ ಎರಡನೆಯ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ರಿಂಕ್‌ನಲ್ಲಿ (ಮಂಜುಗಡ್ಡೆಯ ಅಂಗಣದಲ್ಲಿ) ಎದುರಾಗುತ್ತಾರೆ. ಹುಡುಗರು ಒಮ್ಮೆಲೇ ಎತ್ತರ ಬೆಳೆಯುವುದು ಹದಿಮೂರು ಹದಿನಾಲ್ಕರ ಆಸುಪಾಸಿನಲ್ಲಿ; ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬ ಇನ್ನೂ ಐದನೆಯ ತರಗತಿಯವನಂತೆ ಕಾಣುತ್ತಾನೆ. ಕೆನಡಾದಲ್ಲಿ ಚೆಕಿಂಗ್ ಶುರುವಾಗುವುದು ಸರಿಯಾಗಿ ಈ ವಯಸ್ಸಿನಲ್ಲಿ! ನಮ್ಮ ಕರಾವಳಿಯ ಊರುಗಳಲ್ಲಿ ಕಬಡ್ಡಿ ಪಂದ್ಯಾಟ ಇಟ್ಟರೆ ಹುಡುಗರನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಇಷ್ಟು ಕಿಲೋದ ಒಳಗೆ ಎಂದು ವಿಭಾಗ ಮಾಡುತ್ತಾರೆ. ಮೈಗೆ ಮೈ ಕೊಡುವ ಆಟದಲ್ಲಿ ತೂಕ ನೋಡಬೇಕೆಂಬುದು ಊರಿನ ಯುವಕ ಮಂಡಲಕ್ಕೆ ಗೊತ್ತಿರುವ ಸಂಗತಿ. ಇಷ್ಟು ಹಣ, ಇಷ್ಟು ವ್ಯವಸ್ಥೆ ಇರುವ ಈ ಆಟದಲ್ಲಿ ಆ ಎಚ್ಚರ ಏಕಿಲ್ಲ ಎಂದು ನನಗೆ ಪ್ರತಿ ವರ್ಷವೂ ಸಿಟ್ಟು ಬರುತ್ತದೆ.

ಚೆಕಿಂಗ್ ಪರವಾಗಿರುವವರ ದೊಡ್ಡ ವಾದ ಒಂದೇ: ಬೇಗ ಕಲಿಸಿ, ಸಣ್ಣವರಿದ್ದಾಗಲೇ ಪೆಟ್ಟು ಕೊಡುವುದನ್ನೂ ತಡೆದುಕೊಳ್ಳುವುದನ್ನೂ ಕಲಿತರೆ ದೊಡ್ಡವರಾದಾಗ ಗಾಯ ಕಡಿಮೆ. ಕೇಳಲು ಬಹಳ ಸರಿಯೆನಿಸುವ ಮಾತು. ಈಜನ್ನೂ ಸೈಕಲನ್ನೂ ನಾವು ಹಾಗೆಯೇ ಕಲಿಸುತ್ತೇವಲ್ಲವೇ? ಆದರೆ ಈ ಮಾತನ್ನು ಪರೀಕ್ಷಿಸಿ ನೋಡಿದ್ದಾರೆ, ಅದೂ ನಮ್ಮ ಕ್ಯಾಲ್ಗರಿಯವರೇ.

ಹಿಂದೆ ಪೀವೀ ಎಂದು ಕರೆಯುತ್ತಿದ್ದ 11-12ರ ವಯಸ್ಸಿನ ವಿಭಾಗದಲ್ಲಿ, ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯ ಚೆಕಿಂಗ್‌ಗೆ ಅವಕಾಶ ಕೊಟ್ಟಿತ್ತು, ಕ್ವಿಬೆಕ್ ಕೊಟ್ಟಿರಲಿಲ್ಲ. ಒಂದೇ ದೇಶ, ಒಂದೇ ಆಟ, ಒಂದೇ ವಯಸ್ಸು, ನಿಯಮ ಮಾತ್ರ ಬೇರೆ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಕ್ಯಾರೊಲಿನ್ ಎಮೆರಿ ಮತ್ತು ಅವರ ತಂಡ 2007-08ರ ಋತುವಿಡೀ ಎರಡೂ ಪ್ರಾಂತ್ಯಗಳ 2,154 ಆಟಗಾರರ ಗಾಯಗಳ ಲೆಕ್ಕ ಇಟ್ಟಿತು. ಮಕ್ಕಳ ಸಂಖ್ಯೆಯೂ ಆಡಿದ ಗಂಟೆಗಳೂ ಎರಡೂ ಕಡೆ ಹೆಚ್ಚುಕಡಿಮೆ ಸಮ. ಆಲ್ಬರ್ಟಾದಲ್ಲಿ 241 ಗಾಯಗಳು, ಅವುಗಳಲ್ಲಿ 78 ಕನ್ಕಷನ್ (ಮಿದುಳಿಗೆ ಆಗುವ ಪೆಟ್ಟು). ಕ್ವಿಬೆಕ್‌ನಲ್ಲಿ 91 ಗಾಯಗಳು, ಅವುಗಳಲ್ಲಿ 23 ಕನ್ಕಷನ್. ಪಂದ್ಯಗಳಲ್ಲಾದ ಗಾಯಗಳನ್ನಷ್ಟೇ ನೋಡಿದರೆ, ಚೆಕಿಂಗ್ ಇದ್ದಲ್ಲಿ ಅಪಾಯ ಮೂರು ಪಟ್ಟಿಗೂ ಹೆಚ್ಚು. 2010ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮರುವರ್ಷ ಜೂನ್‌ನಲ್ಲಿ ಯುಎಸ್‌ಎ ಹಾಕಿ ಸಂಸ್ಥೆ ಆ ವಯಸ್ಸಿನಲ್ಲಿ ಚೆಕಿಂಗ್ ನಿಲ್ಲಿಸಿತು. ಇಲ್ಲಿನ ಆಡಳಿತ ಸಂಸ್ಥೆ ಹಾಕಿ ಕೆನಡಾ ಅದಕ್ಕೆ 2013ರ ಮೇ ತಿಂಗಳವರೆಗೆ ಕಾಯಿತು. ಆ ಎರಡು ಚಳಿಗಾಲಗಳ ಬಗ್ಗೆ ನನಗೆ ಈಗಲೂ ಬೇಸರವಿದೆ.

ನಿಯಮ ಬದಲಾದ ಮೇಲೆ ಏನಾಯಿತು ಎಂಬುದನ್ನೂ ಅದೇ ಸಂಶೋಧಕರು ನೋಡಿದರು. ಆಲ್ಬರ್ಟಾದ ಅದೇ ವಯಸ್ಸಿನ ಮಕ್ಕಳಲ್ಲಿ ಗಾಯಗಳ ಪ್ರಮಾಣ ಅರ್ಧಕ್ಕೆ ಇಳಿದಿತ್ತು, ಕನ್ಕಷನ್ 64 ಪ್ರತಿಶತ ಕಡಿಮೆಯಾಗಿತ್ತು. ಮಕ್ಕಳ ಆರೋಗ್ಯದಲ್ಲಿ ಒಂದು ಸಾಲಿನ ತಿದ್ದುಪಡಿಯಿಂದ ಇಷ್ಟು ಫಲ ಸಿಗುವುದು ಅಪರೂಪ. ಲಸಿಕೆ ಬೇಡ, ಉಪಕರಣ ಬೇಡ, ಖರ್ಚಿಲ್ಲ.

ಎದುರು ಪಕ್ಷದ ಕೈಯಲ್ಲೂ ಒಂದು ಅಧ್ಯಯನ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇದೇ ತಂಡ, ಎರಡೂ ಕಡೆ ಚೆಕಿಂಗ್ ಇದ್ದ 13-14ರ ಮಕ್ಕಳನ್ನು ನೋಡಿದಾಗ ಒಟ್ಟು ಗಾಯಗಳಲ್ಲಾಗಲಿ ಕನ್ಕಷನ್‌ನಲ್ಲಾಗಲಿ ಎರಡು ಪ್ರಾಂತ್ಯಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ವಾರಕ್ಕಿಂತ ಹೆಚ್ಚು ದಿನ ಆಟದಿಂದ ಹೊರಗಿಡುವಂಥ ಗಾಯಗಳು ಮೊದಲೇ ಚೆಕಿಂಗ್ ಆಡಿದ್ದ ಆಲ್ಬರ್ಟಾದ ಮಕ್ಕಳಲ್ಲಿ 33 ಪ್ರತಿಶತ ಕಡಿಮೆ ಇದ್ದವು. 2011ರ ಈ ಫಲಿತಾಂಶವನ್ನು ಹಿಡಿದುಕೊಂಡು, ನೋಡಿ ಅನುಭವ ಕಾಪಾಡುತ್ತದೆ ಎನ್ನುವವರಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ಹನ್ನೊಂದರಲ್ಲಿ ಪೆಟ್ಟು ತಿಂದು ಆಟವನ್ನೇ ಬಿಟ್ಟ ಮಗು ಹದಿಮೂರರ ಲೆಕ್ಕದಲ್ಲಿ ಎಲ್ಲಿ ಸಿಗುತ್ತದೆ? 2022ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ 15ರಿಂದ 17ರ ವಯಸ್ಸಿನವರನ್ನು ನೋಡಿತು. ಚೆಕಿಂಗ್‌ನಲ್ಲಿ ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅನುಭವ ಇದ್ದವರಿಗೆ, ಕಡಿಮೆ ಅನುಭವದವರಿಗಿಂತ ಗಾಯದ ಪ್ರಮಾಣ ಎರಡೂವರೆ ಪಟ್ಟು ಇತ್ತು. ಬೇಗ ಕಲಿತವನು ಸುರಕ್ಷಿತ ಎಂಬ ಮಾತಿಗೆ ಇದಾದ ಮೇಲೆ ನಿಲ್ಲಲು ನೆಲ ಉಳಿದಿಲ್ಲ.

ಕನ್ಕಷನ್ ಎಂದರೇನು ಎಂದು ಈಗ ಕ್ರಿಕೆಟ್ ನೋಡುವವರಿಗೂ ಗೊತ್ತು. 2019ರಿಂದ ಅಲ್ಲಿ ಕನ್ಕಷನ್ ಆದವನ ಬದಲಿಗೆ ಬೇರೊಬ್ಬನನ್ನು ಇಳಿಸುವ ನಿಯಮ ಬಂದಿದೆ. ಕನ್ಕಷನ್ ಎಂದರೆ ತಲೆಬುರುಡೆಯೊಳಗೆ ಮಿದುಳು ಜೋರಾಗಿ ಅಲುಗಾಡಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ, ಒಳಗಿನ ಅಲುಗಾಟವನ್ನು ನಿಲ್ಲಿಸಲಾರದು. ದುಬಾರಿ ಹೆಲ್ಮೆಟ್ ಕೊಡಿಸಿದ್ದೇವೆ ಎಂದು ನೆಮ್ಮದಿಯಿಂದ ಕೂತ ತಂದೆತಾಯಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ತಲೆಗೇ ಪೆಟ್ಟು ಬೀಳಬೇಕೆಂದೂ ಇಲ್ಲ. ಎದೆಗೆ ಬಿದ್ದ ಗುದ್ದಿನಿಂದ ಕುತ್ತಿಗೆ ಒಮ್ಮೆಲೇ ತಿರುಚಿದರೂ ಸಾಕು.

ಬೆಂಚಿನ ಹಿಂದೆ ನಿಂತವರಿಗೆ ಗೊತ್ತು, ರಕ್ತ ಬಂದ ಮಗು ಅಷ್ಟು ಕಷ್ಟ ಕೊಡುವುದಿಲ್ಲ. ಕಷ್ಟ ಕೊಡುವುದು, ಬಿದ್ದು ಎದ್ದು ಬಂದು ನನಗೇನೂ ಆಗಿಲ್ಲ ಎನ್ನುವ ಹುಡುಗ. ಎಷ್ಟು ಗೋಲಾಗಿದೆ ಎಂದು ಕೇಳಿದರೆ ತಡವರಿಸುತ್ತಾನೆ, ದೀಪಗಳ ಬೆಳಕು ಚುಚ್ಚುತ್ತದೆ ಎಂದು ಕಣ್ಣು ಕಿರಿದು ಮಾಡುತ್ತಾನೆ, ಆದರೂ ಮುಂದಿನ ಸರದಿಗೆ ಇಳಿಯಲು ಕಾತರಿಸುತ್ತಾನೆ. ಅವನನ್ನು ಕೂರಿಸಬೇಕು. ಗ್ಯಾಲರಿಯಿಂದ ಅವನ ತಂದೆ ಕೈಸನ್ನೆ ಮಾಡಿದರೂ, ಕೋಚ್ ಮುಖ ಗಂಟಿಕ್ಕಿದರೂ ಕೂರಿಸಬೇಕು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಜೀವಕ್ಕೇ ಅಪಾಯ. ಒಟ್ಟಾವಾದ ರೋವನ್ ಸ್ಟ್ರಿಂಗರ್ ಎಂಬ ಹದಿನೇಳರ ಹುಡುಗಿ 2013ರಲ್ಲಿ ರಗ್ಬಿ ಆಡುವಾಗ ಹೀಗೆಯೇ ತೀರಿಕೊಂಡಳು. ಕನ್ಕಷನ್ ಕುರಿತು ಅವಳ ಹೆಸರಿನ ಕಾನೂನನ್ನು ಒಂಟಾರಿಯೊ ಪ್ರಾಂತ್ಯ 2018ರಲ್ಲಿ ತಂದಿತು. ಆಟ ಬೇರೆಯಾದರೂ ಮಿದುಳು ಒಂದೇ.

ಇದಕ್ಕೆ ತಕ್ಷಣ ಬರುವ ಮಾತು: ಹೀಗೆ ಮುದ್ದು ಮಾಡಿದರೆ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್) ಮಟ್ಟಕ್ಕೆ ಯಾರು ಏರುತ್ತಾರೆ? 2005ರಲ್ಲಿ ಹುಟ್ಟಿದ ಕಾನರ್ ಬೆಡಾರ್ಡ್ 2023ರ ಎನ್‌ಎಚ್‌ಎಲ್ ಆಯ್ಕೆಯಲ್ಲಿ ಮೊದಲಿಗ. 2006ರಲ್ಲಿ ಹುಟ್ಟಿದ ಮ್ಯಾಕ್ಲಿನ್ ಸೆಲೆಬ್ರೀನಿ 2024ರ ಮೊದಲಿಗ. ಇಬ್ಬರೂ ನಾರ್ತ್ ವ್ಯಾಂಕೂವರಿನವರು, ಹನ್ನೊಂದು ಹನ್ನೆರಡರ ವಯಸ್ಸು ದಾಟಿದ್ದು 2013ರ ನಿಯಮ ಬಂದ ಮೇಲೆ. ಆ ವಯಸ್ಸಿನಲ್ಲಿ ಗುದ್ದದಿದ್ದುದರಿಂದ ಅವರ ದಾರಿಗೇನೂ ಅಡ್ಡಿಯಾಗಲಿಲ್ಲ. ಅದಿರಲಿ, ನಮ್ಮ ನಿಮ್ಮ ಮಕ್ಕಳಲ್ಲಿ ಹೆಚ್ಚಿನವರು ಎನ್‌ಎಚ್‌ಎಲ್‌ಗೆ ಹೋಗುವುದಿಲ್ಲ. ಅವರು ಕಾಲೇಜಿಗೆ ಹೋಗುತ್ತಾರೆ, ನೌಕರಿಗೆ ಸೇರುತ್ತಾರೆ, ನಲವತ್ತರಲ್ಲೂ ವಾರಕ್ಕೊಂದು ರಾತ್ರಿ ಗೆಳೆಯರ ಜೊತೆ ಸ್ಕೇಟ್ ಕಟ್ಟುತ್ತಾರೆ. ಆ ವಯಸ್ಕರ ಹವ್ಯಾಸಿ ಲೀಗುಗಳಲ್ಲಿ ಸಾಮಾನ್ಯವಾಗಿ ಚೆಕಿಂಗ್ ಇರುವುದೇ ಇಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಲ್ಲ! ದೊಡ್ಡವರು ತಮ್ಮ ಮೈಗೆ ಬೇಡವೆಂದದ್ದನ್ನು ಹದಿಮೂರರ ಮಕ್ಕಳ ಮೈಗೆ ಹೇಗೆ ಒಪ್ಪಿಸುತ್ತಾರೆ?

ವೈದ್ಯರ ಸಂಘಗಳ ಮಾತಿನಲ್ಲಿ ಗೊಂದಲವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿಯೇ, ಹುಡುಗರಿಗೆ ಚೆಕಿಂಗ್ ಇರುವುದಾದರೆ ಅತ್ಯುನ್ನತ ಹಂತದಲ್ಲಿ ಮಾತ್ರ, ಅದೂ ಹದಿನೈದಕ್ಕೆ ಮೊದಲು ಬೇಡ ಎಂದಿತು. 2022ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಜಗತ್ತಿನ ಕನ್ಕಷನ್ ತಜ್ಞರು, ಚೆಕಿಂಗ್ ನಿಷೇಧದಿಂದ ಮಕ್ಕಳಲ್ಲೂ ಹದಿಹರೆಯದವರಲ್ಲೂ ಕನ್ಕಷನ್ 58 ಪ್ರತಿಶತ ಇಳಿಯುತ್ತದೆ ಎಂದು ಲೆಕ್ಕ ಕೊಟ್ಟರು.

ನಮ್ಮವರ ಮನಸ್ಸಿನಲ್ಲಿರುವ ಇನ್ನೊಂದು ಅಳುಕನ್ನೂ ಹೇಳಿಬಿಡುತ್ತೇನೆ. ವಲಸೆ ಬಂದ ಮನೆಯ ಮಗ ಈ ಆಟಕ್ಕೆ ತಡವಾಗಿ ಕಾಲಿಟ್ಟಿರುತ್ತಾನೆ. ಎಷ್ಟೋ ಬಾರಿ ತಂಡದಲ್ಲಿ ಅವನೇ ಸಣ್ಣ ಮೈಯವನು, ಅವನ ಹೆಸರೊಂದೇ ಉಚ್ಚರಿಸಲು ಎಲ್ಲರೂ ಎಡವುವಂಥದ್ದು. ಚೆಕಿಂಗ್ ಇಲ್ಲದ ವಿಭಾಗ ಆರಿಸಿಕೊಂಡರೆ, ಹೆದರಿದರು ಎಂದು ಇತರರು ಅಂದುಕೊಳ್ಳುತ್ತಾರೇನೋ ಎಂಬ ಚಿಂತೆ ತಂದೆಯನ್ನು ಕಾಡುತ್ತದೆ. ಮಗನಿಗಿಂತ ತಂದೆಗೇ ಹೆಚ್ಚು ಕಾಡುತ್ತದೆ ಎಂಬುದು ನಾನು ಕಂಡದ್ದು. ಅವರಿಗೆ ಹೇಳುತ್ತೇನೆ: ನಿಮ್ಮ ಅಕ್ಕಪಕ್ಕದಲ್ಲಿ ನಿಂತ, ಮೂರು ತಲೆಮಾರಿನಿಂದ ಇಲ್ಲೇ ಇರುವ ಕುಟುಂಬಗಳೂ ಅದೇ ವಿಭಾಗಕ್ಕೆ ಸೇರಿಸುತ್ತಿವೆ. ಈ ದೇಶದವನೆನಿಸಿಕೊಳ್ಳಲು ಮಗು ತನ್ನ ತಲೆಯನ್ನು ಪಣಕ್ಕಿಡಬೇಕಿಲ್ಲ.

ಹಾಗೆಂದು ಚೆಕಿಂಗ್ ಇಲ್ಲದಲ್ಲಿ ಗಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹುಡುಗಿಯರ ಐಸ್ ಹಾಕಿಯಲ್ಲಿ ಇಲ್ಲಿ ಚೆಕಿಂಗ್ ನಿಷಿದ್ಧ, ಆದರೂ ಅಲ್ಲಿ ಕನ್ಕಷನ್ ಆಗುತ್ತವೆ. ಬೀಳುತ್ತಾರೆ, ಆಕಸ್ಮಿಕವಾಗಿ ಢಿಕ್ಕಿಯಾಗುತ್ತಾರೆ. ಆದ್ದರಿಂದ ಮಕ್ಕಳಿಗೆ ಮೈ ತಾಗುವುದನ್ನು ಎದುರಿಸಲು ಕಲಿಸಲೇಬೇಕು. ಹಾಕಿ ಕೆನಡಾದ ತರಬೇತಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಮೊದಲು ಸರಿಯಾದ ಜಾಗದಲ್ಲಿ ನಿಂತು ಎದುರಾಳಿಯ ದಾರಿ ಕಿರಿದಾಗಿಸುವುದು, ಆಮೇಲೆ ಸ್ಟಿಕ್‌ನಿಂದ ಪಕ್ ಕಸಿಯುವುದು, ಮೂರನೆಯದು ಮೈ ತಾಗಿದಾಗ ಸಮತೋಲ ಉಳಿಸಿಕೊಳ್ಳುವುದು, ಕೊನೆಗೆ ಚೆಕಿಂಗ್. ಮೊದಲ ಮೂರನ್ನು ಏಳೆಂಟರ ವಯಸ್ಸಿನಿಂದಲೇ ಕಲಿಸಲಿ. ನಾಲ್ಕನೆಯದಿಲ್ಲದೆಯೂ ಅವು ಪೂರ್ಣ.

ಇಷ್ಟೆಲ್ಲ ಕೇಳಿದ ಮೇಲೂ ಮಗ ಹಟ ಹಿಡಿದಿದ್ದಾನೆ, ಉನ್ನತ ತಂಡಕ್ಕೆ ಆಯ್ಕೆಯಾಗಿದ್ದಾನೆ, ಅಲ್ಲಿ ಚೆಕಿಂಗ್ ತಪ್ಪಿದ್ದಲ್ಲ ಎನ್ನುವವರಿದ್ದಾರೆ. ಅವರು ಋತು ಶುರುವಾಗುವ ಮುನ್ನ ಕೋಚ್‌ನನ್ನು ಕಂಡು, ಚೆಕಿಂಗ್ ಕಲಿಸಲು ಎಷ್ಟು ಅಭ್ಯಾಸದ ಅವಧಿ ಇಟ್ಟಿದ್ದಾರೆಂದು ಕೇಳಲಿ. ಹಿಂದಿನಿಂದ ಗುದ್ದುವುದನ್ನು ಕೋಚ್ ಹೇಗೆ ಶಿಕ್ಷಿಸುತ್ತಾರೆಂದೂ ಕೇಳಲಿ. ಗೋಡೆಗೆ ಮುಖಮಾಡಿ ನಿಂತವನ ಬೆನ್ನಿಗೆ ಬಿದ್ದ ಗುದ್ದಿನಿಂದ ಕತ್ತಿನ ಮೂಳೆ ಮುರಿದು ಕೈಕಾಲು ಸ್ವಾಧೀನ ಕಳೆದುಕೊಂಡ ಹುಡುಗರು ಈ ದೇಶದಲ್ಲಿದ್ದಾರೆ, ಆ ಕಾರಣಕ್ಕೇ 1980ರ ದಶಕದ ಮಧ್ಯದಲ್ಲಿ ಅದರ ವಿರುದ್ಧ ಪ್ರತ್ಯೇಕ ನಿಯಮ ಬಂತು. ಬಾಯಿಗೆ ಹಲ್ಲುಗಾಪು ಹಾಕಿಸಿ. ಆಮ್ಸ್ಟರ್‌ಡ್ಯಾಮ್‌ನ ತಜ್ಞರ ಪ್ರಕಾರ ಐಸ್ ಹಾಕಿಯಲ್ಲಿ ಅದೂ ಕನ್ಕಷನ್ ಕಡಿಮೆ ಮಾಡುತ್ತದೆ. ಪೆಟ್ಟು ಬಿದ್ದರೆ ಅದೇ ದಿನ ಮತ್ತೆ ಇಳಿಸಬೇಡಿ. ಮರಳುವ ದಾರಿಯಲ್ಲಿ ಆರು ಹಂತಗಳಿವೆ, ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ, ಪೂರ್ಣ ಸಂಪರ್ಕದ ಅಭ್ಯಾಸಕ್ಕೆ ಮುನ್ನ ವೈದ್ಯರ ಲಿಖಿತ ಒಪ್ಪಿಗೆ ಬೇಕು. ಶನಿವಾರ ಫೈನಲ್ ಇದೆ ಎಂದು ಯಾರಾದರೂ ಆ ಹಂತಗಳನ್ನು ಹಾರಿಸಲು ನೋಡಿದರೆ, ಮಗನ ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಕರೆದುಕೊಂಡು ಬನ್ನಿ.