‘ಯಾವಾಗಿನಿಂದ?’ ಎಂದು ಮೊದಲು ಕೇಳಬೇಕು

ಮರೆಗುಳಿ ಕಾಯಿಲೆಯವರ ಮನೆಮಂದಿಗಾಗಿ ಇರುವ ಸಹಾಯವಾಣಿಯಲ್ಲಿ ನನ್ನ ಕೆಲಸ. ಆ ದಿನ ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಮಹಿಳೆಯೊಬ್ಬರ ಕರೆ ಬಂತು. ತಂದೆಗೆ ಆಲ್‌ಝೈಮರ್ ಇದೆ. “ಗೋಡೆಯ ಮೇಲೆ ಹುಳ ಹರಿದಾಡುತ್ತಿವೆ ಎನ್ನುತ್ತಿದ್ದಾರೆ ಮೇಡಂ. ನನ್ನನ್ನು ಕಳ್ಳಿ ಎಂದು ಬೈಯುತ್ತಿದ್ದಾರೆ. ಕೊನೆಯ ಹಂತ ಬಂತು ಅನ್ನಿಸುತ್ತದೆ. ಆರೈಕೆ ಕೇಂದ್ರಗಳ ಪಟ್ಟಿ ಕೊಡಿ.”

ಸಂಜೆಯಾಗುತ್ತಿದ್ದಂತೆ ಚಡಪಡಿಕೆ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಇದೂ ಅದೇ ಎಂದು ಎಣಿಸಿದೆ. ಫಾರಂನಲ್ಲಿ ‘ವರ್ತನೆ – ಭ್ರಮೆ’ ಆರಿಸಿ, ಕೈಪಿಡಿ ಕಳುಹಿಸುವುದರಲ್ಲಿದ್ದೆ. ಅಷ್ಟರಲ್ಲಿ ಅವರು ಅಳುತ್ತಲೇ ಅಂದರು: “ಮೊನ್ನೆಯಷ್ಟೇ ತಾವೇ ಗಡ್ಡ ಹೆರೆದುಕೊಂಡಿದ್ದರು.”

ಕೈ ನಿಂತಿತು. ಆಲ್‌ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯುವ ಕಾಯಿಲೆ; ಎರಡೇ ದಿನದಲ್ಲಿ ಮನುಷ್ಯನನ್ನು ಹೀಗೆ ಮಾಡುವುದಿಲ್ಲ. ಗಂಟೆಗಳಲ್ಲಿ, ದಿನಗಳಲ್ಲಿ ಬುದ್ಧಿ ಕದಡಿದರೆ ಅದು ಡಿಲೀರಿಯಂ ಇರಬಹುದು, ಮತ್ತು ಅದರ ಹಿಂದೆ ಬಹುಪಾಲು ಚಿಕಿತ್ಸೆ ಇರುವ ಕಾರಣವೇ ಇರುತ್ತದೆ. ಜ್ವರವಿದೆಯೇ, ಮೂತ್ರ ಮಾಡುವಾಗ ಉರಿಯೇ, ಮಲಬದ್ಧತೆಯೇ, ನೀರು ಕುಡಿದಿದ್ದಾರೆಯೇ ಎಂದು ಒಂದೊಂದಾಗಿ ಕೇಳಿದೆ. ಹೊಸ ಮಾತ್ರೆ? “ನಿದ್ದೆಗೆಂದು ಚೀಟಿಯಿಲ್ಲದೆ ತಂದದ್ದು ಒಂದಿದೆ.” ಅದರ ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಅವರು ಕೂಡಿಸಿ ಕೂಡಿಸಿ ಓದಿದರು: ಡೈಫೆನ್‌ಹೈಡ್ರಮೀನ್. ವಯಸ್ಸಾದವರನ್ನು, ಅದರಲ್ಲೂ ಮರೆಗುಳಿ ಇರುವವರನ್ನು ಗೊಂದಲಕ್ಕೆ ತಳ್ಳಬಲ್ಲ ಔಷಧಿ ಅದು.

“ಈಗಲೇ ಆಸ್ಪತ್ರೆಗೆ ಹೊರಡಿ. ಆ ಹಾಳೆಯನ್ನೂ ಒಯ್ಯಿರಿ. ಮರೆವಿನ ವಿಷಯ ಆಮೇಲೆ. ಎರಡು ದಿನದಲ್ಲಿ ಹೀಗಾಯಿತು ಎಂದು ಮೊದಲು ಹೇಳಿ.” ಅವರು ಬರೆದುಕೊಂಡು ಓದಿ ಹೇಳುವವರೆಗೂ ಕರೆ ಇಡಲಿಲ್ಲ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ವೇಳೆ ಮೀರಿದ ಕೆಂಪು ಗುರುತು, ಮೇಲ್ವಿಚಾರಕರಿಂದ ‘ಕರೆ ಮುಗಿಸಿ’ ಎಂಬ ಸಂದೇಶ.

ಮೂತ್ರದ ಸೋಂಕೂ ಇತ್ತೆಂದು ಆಮೇಲೆ ತಿಳಿಯಿತು. ಚಿಕಿತ್ಸೆಯಾಗಿ, ಆ ಮಾತ್ರೆ ನಿಂತ ಮೇಲೆ ಅವರು ನಿಧಾನವಾಗಿ ಸುಮಾರು ಮೊದಲಿನಂತಾದರು.

ನಮ್ಮ ಫಾರಂ ರೋಗಿಯ ವಯಸ್ಸು, ಕರೆ ಮಾಡಿದವರ ಸಂಬಂಧ, ಎಲ್ಲವನ್ನೂ ಕೇಳುತ್ತದೆ. ಯಾವಾಗಿನಿಂದ ಹೀಗೆ ಎಂದು ಮಾತ್ರ ಕೇಳುವುದಿಲ್ಲ. ಸೇರಿಸಿ ಎಂದು ಬರೆದುಕೊಟ್ಟರೆ ‘ಮುಂದಿನ ಆವೃತ್ತಿಯಲ್ಲಿ ನೋಡೋಣ’ ಎನ್ನುತ್ತಾರೆ. ಕರೆಯ ಅವಧಿ ತಗ್ಗಿಸುವ ಸಭೆಗಳು ಮಾತ್ರ ತಪ್ಪದೆ ನಡೆಯುತ್ತವೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಕೈಪಿಡಿ ಬೇಡವೆನ್ನುತ್ತಿಲ್ಲ. ದಿನನಿತ್ಯದ ಆರೈಕೆ ಕಲಿಯಲು ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ತರಬೇತಿಯನ್ನು ನಾನೇ ಸೂಚಿಸುತ್ತೇನೆ. ಸ್ಥಳೀಯ ಬೆಂಬಲ ಗುಂಪು ಹುಡುಕುವವರಿಗೆ 1984ರಲ್ಲಿ ಸ್ಥಾಪನೆಯಾದ ‘ಆಲ್‌ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್’ ಒಕ್ಕೂಟದ ಮೂಲಕ ಆಯಾ ದೇಶದ ಸಂಘದ ವಿವರ ಕೊಡುತ್ತೇನೆ. ಆದರೆ ಅದೆಲ್ಲ ಈ ಪ್ರಶ್ನೆ ಕೇಳಿ ಆದ ಮೇಲೆ.

ಕೂಗಾಡುವವರಿಗಾದರೂ ಯಾರಾದರೂ ಕರೆ ಮಾಡುತ್ತಾರೆ. ಡಿಲೀರಿಯಂನಲ್ಲಿ ಮಂಕಾಗಿ ಬಿದ್ದುಕೊಳ್ಳುವವರೂ ಇದ್ದಾರೆ. ‘ಸದ್ಯ, ಸುಮ್ಮನಿದ್ದಾರೆ’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಹಾಗಾಗಿ ಬೇರೇನನ್ನೋ ಕೇಳಲು ಕರೆ ಮಾಡಿದವರನ್ನೂ ಈಗ ವಿಚಾರಿಸುತ್ತೇನೆ: ಈ ವಾರ ಇದ್ದಕ್ಕಿದ್ದಂತೆ ನಿದ್ದೆ ಹೆಚ್ಚಾಗಿದೆಯೇ, ಊಟ ಬಿಟ್ಟಿದ್ದಾರೆಯೇ?