ಉಪ್ಪು ಚಹಾ ಮತ್ತು ಕಲ್ಲಿನ ಆಮೆ

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ಗೆ ಬಂದು ಎರಡು ಚಳಿಗಾಲ ಕಳೆದವು. ಮೈನಸ್ 30 ಡಿಗ್ರಿ ಹೇಗೋ ಅಭ್ಯಾಸವಾಯಿತು. ಉಪ್ಪು ಹಾಕಿದ ಚಹಾ ಮಾತ್ರ ಇನ್ನೂ ಗಂಟಲಲ್ಲಿ ಸಲೀಸಾಗಿ ಇಳಿಯುವುದಿಲ್ಲ.

ಚೆಂಗಿಸ್ ಖಾನ್ ಅಂದರೆ ಊರು ಸುಟ್ಟವನು, ತಲೆ ಕಡಿದವನು ಅಂತಷ್ಟೇ ಶಾಲೆಯಲ್ಲಿ ಕೇಳಿದ್ದೆ. ಇಲ್ಲಿ ವಿಮಾನ ನಿಲ್ದಾಣಕ್ಕೆ ಅವನ ಹೆಸರು. 500ರ ನೋಟಿನಿಂದ 20,000ದ ನೋಟಿನವರೆಗೆ ಅವನದೇ ಮುಖ. ವೋಡ್ಕಾ ಬಾಟಲಿಯ ಮೇಲೂ ಅವನೇ. ಊರಾಚೆ ಬಯಲಲ್ಲಿ 40 ಮೀಟರ್ ಎತ್ತರದ ಪ್ರತಿಮೆ, ಕುದುರೆಯ ತಲೆಯ ಮೇಲೆ ನಿಂತು ಸುತ್ತಲೂ ನೋಡಬಹುದು. ಇದು ಸ್ವಲ್ಪ ಜಾಸ್ತಿಯೇ ಆಯಿತು ಅಂತ ಆಫೀಸಿನ ಹಿರಿಯರೊಬ್ಬರ ಹತ್ತಿರ ಅಂದುಬಿಟ್ಟೆ. ಅವರು ನಕ್ಕರು. ಅವರ ಬಾಲ್ಯದಲ್ಲಿ ಆ ಹೆಸರನ್ನು ಹೊಗಳುವ ಹಾಗೇ ಇರಲಿಲ್ಲವಂತೆ. ಸೋವಿಯತ್ ನೆರಳಿನ ಕಾಲ. 1962ರಲ್ಲಿ ಖಾನನ 800ನೇ ಹುಟ್ಟುಹಬ್ಬಕ್ಕೆ ಬೆಂಬಲ ಕೊಟ್ಟ ತೊಮೊರ್-ಒಚಿರ್ ಎಂಬ ನಾಯಕ ಹುದ್ದೆಯನ್ನೇ ಕಳೆದುಕೊಂಡಿದ್ದರು. ಅಷ್ಟು ವರ್ಷ ಅದುಮಿಟ್ಟಿದ್ದು ಈಗ ಉಕ್ಕಿದೆ, ಅಷ್ಟೇ.

ಕಳೆದ ಜುಲೈಯಲ್ಲಿ ನಾದಮ್ ಹಬ್ಬದ ರಜೆಗೆ ಖಾರ್‌ಖೋರಿನ್‌ಗೆ ಹೋದೆವು. ಹಳೆಯ ಕಾರಾಕೋರಮ್ ಇದೇ. ಚೆಂಗಿಸ್‌ನ ಮಗ ಒಗೊದೈ 1235ರಲ್ಲಿ ಗೋಡೆ ಕಟ್ಟಿಸಿದ ರಾಜಧಾನಿ. 1254ರಲ್ಲಿ ಇಲ್ಲಿಗೆ ಬಂದ ರುಬ್ರುಕ್ ಊರಿನ ವಿಲಿಯಂ ಎಂಬ ಪಾದ್ರಿ, ಹನ್ನೆರಡು ದೇವಾಲಯ, ಎರಡು ಮಸೀದಿ, ಒಂದು ಚರ್ಚು ಇದ್ದವು ಅಂತ ಬರೆದಿಟ್ಟಿದ್ದಾನೆ. ಅರಮನೆಯಲ್ಲಿ ಪ್ಯಾರಿಸ್ಸಿನ ಅಕ್ಕಸಾಲಿಗನೊಬ್ಬ ಮಾಡಿದ ಬೆಳ್ಳಿ ಮರವಿತ್ತಂತೆ. ನಾಲ್ಕು ಕೊಳವೆಗಳಲ್ಲಿ ನಾಲ್ಕು ಪಾನೀಯ: ದ್ರಾಕ್ಷಿ ಮದ್ಯ, ಕುದುರೆ ಹಾಲಿನದು, ಜೇನಿನದು, ಅಕ್ಕಿಯದು. ಮೇಲೆ ಕಹಳೆ ಹಿಡಿದ ದೇವದೂತ. ಕೆಳಗೆ ಅಡಗಿ ಕೂತವನು ಊದಿದರೆ ಮೇಲಿನ ಕಹಳೆ ಮೊಳಗುತ್ತಿತ್ತು!

ಹಂಪಿಯ ಹಾಗೆ ಏನಾದರೂ ಇರಬಹುದು ಅಂತ ಕಾದಿದ್ದೆ. ಹುಲ್ಲಿನ ನಡುವೆ ಒಂದು ಕಲ್ಲಿನ ಆಮೆ ಕೂತಿತ್ತು. 1388ರಲ್ಲಿ ಚೀನಾದ ಮಿಂಗ್ ಸೈನ್ಯ ಊರನ್ನು ಹಾಳುಗೆಡವಿತು. ಅಳಿದುಳಿದ ಕಲ್ಲುಗಳು 1586ರಲ್ಲಿ ಶುರುವಾದ ಎರ್ದೆನ್ ಜೂ ಮಠದ ಕಟ್ಟಡಕ್ಕೆ ಹೋದವು. ಆಮೆಯ ಬೆನ್ನ ಮೇಲೆ ಯಾರೋ ನೀಲಿ ರೇಷ್ಮೆ ಬಟ್ಟೆ ಹೊದಿಸಿದ್ದರು.

ರಾತ್ರಿ ಉಳಿದಿದ್ದು ಒಬ್ಬ ಅಜ್ಜಿಯ ಗೆರ್‌ನಲ್ಲಿ. ಮರದ ಜಾಲರಿ, ಮೇಲೆ ಉಣ್ಣೆಯ ಕಂಬಳಿ, ಬಾಗಿಲು ದಕ್ಷಿಣಕ್ಕೆ. ಬೇಕೆಂದಾಗ ಬಿಚ್ಚಿ ಮಡಚಿ ಇನ್ನೊಂದು ಕಡೆ ಹೂಡುವ ಮನೆ. ಅರಮನೆ ಹೋಯಿತು, ಇದು ಉಳಿದಿದೆ. ಒಳಗೆ ಹೋಗುವಾಗ ಜೊತೆಗಿದ್ದ ಗೆಳತಿ ಕೈ ಹಿಡಿದು ಜಗ್ಗಿದಳು. ಹೊಸ್ತಿಲು ತುಳಿಯಬಾರದು. ನಮ್ಮಜ್ಜಿಯೂ ಇದಕ್ಕೇ ಬೈಯುತ್ತಿದ್ದರು! ಚಹಾ ಬಟ್ಟಲನ್ನು ಬಲಗೈಯಲ್ಲಿ, ಎಡಗೈ ಮೊಣಕೈಗೆ ಆನಿಸಿ ತೆಗೆದುಕೊಳ್ಳಬೇಕು. ತೆಗೆದುಕೊಂಡೆ. ಉಪ್ಪೇ.

ಹೊರಗೆ ಬಂದಾಗ ಪಡುವಣದಲ್ಲಿ ಒಂದು ಚುಕ್ಕಿ ಹೊಳೆಯುತ್ತಿತ್ತು. "ಸುಗರ್" ಅಂದರು ಅಜ್ಜಿ. ನಾನು ಸುಮ್ನೆ ತಲೆಯಾಡಿಸಿದೆ. ಗೆಳತಿ ಉಳಿದ ಗ್ರಹಗಳ ಹೆಸರೂ ಹೇಳಿದಳು: ಬುದ್, ಅಂಗಾರಗ್, ಬಾರ್ಖಾಸ್‌ಬಾದ್, ಸಾಂಚಿರ್. ಆಮೇಲೆ ತಲೆಗೆ ಹೊಳೆಯಿತು. ಸುಗರ್ ಅಂದರೆ ಶುಕ್ರ! ಸಾಂಚಿರ್ ನಮ್ಮ ಶನೈಶ್ಚರ! ಬೌದ್ಧ ಧರ್ಮದ ಜೊತೆ ಇಷ್ಟು ದೂರ ನಡೆದು ಬಂದಿರುವ ಹೆಸರುಗಳು.

ನಾನು ಭಾರತದವಳು ಅಂತ ಗೊತ್ತಾಗಿದ್ದೇ ಅಜ್ಜಿ ಒಳಗೆ ಹೋಗಿ ಮೊಬೈಲ್ ತಂದರು. ಮೊಮ್ಮಗನ ಫೋಟೋ, ಕೆಂಪು ನಿಲುವಂಗಿ, ಬೋಳು ತಲೆ. ಭಾರತದ ಮಠದಲ್ಲಿ ಓದುತ್ತಿದ್ದಾನಂತೆ. ಅವನ ಹಿಂದೆ ಒಂದು ಸರ್ಕಾರಿ ಬಸ್ಸು ನಿಂತಿತ್ತು. ಚಿತ್ರ ದೊಡ್ಡದು ಮಾಡಿ ಕನ್ನಡದ ಬೋರ್ಡು ಓದಿದೆ: ಮುಂಡಗೋಡ.

ನನ್ನ ಊರಿನ ಭಾಷೆ ಅದು ಅಂದೆ. ಅಜ್ಜಿ ಮೊಬೈಲನ್ನು ನನ್ನ ಕೈಯಲ್ಲೇ ಬಿಟ್ಟು ಒಂದೇ ಪ್ರಶ್ನೆ ಕೇಳಿದರು. ಅಲ್ಲಿ ಸೆಕೆ ತುಂಬಾನಾ, ಹುಡುಗ ಸರಿಯಾಗಿ ಊಟ ಮಾಡ್ತಾನಾ ಅಂತ. ನಾನು ಇನ್ನೊಂದು ಬಟ್ಟಲು ಚಹಾ ಕೇಳಿ ಹಾಕಿಸಿಕೊಂಡೆ.