ಪ್ಲಾನಿನಲ್ಲಿಲ್ಲದ ರೂಮು

"ಪ್ಲಾನಲ್ಲಿ ಇಲ್ದಿದ್ರೆ ಏನಂತೆ, ಮನೇಲಿ ಇದೆಯಲ್ಲ!"

ಮಂಗಳವಾರದಿಂದ ಈ ಮಾತು ತಲೆಯಲ್ಲೇ ಗುಂಯ್‌ಗುಡುತ್ತಿದೆ. ಹೇಳಿದವರು ಕುವೆಂಪುನಗರದ ನಿವೃತ್ತ ಗಣಿತದ ಟೀಚರು. ಅವರ ಮನೆಯನ್ನು ಅಕ್ಕ-ಭಾವ 90 ಲಕ್ಷಕ್ಕೆ ಮಾತಾಡಿ ಅಡ್ವಾನ್ಸ್ ಕೊಟ್ಟಿದ್ದಾರೆ. ಸಾಲಕ್ಕೆ ಮೊದಲು ಮನೆಗೆ ಬೆಲೆ ಕಟ್ಟಲು ಬ್ಯಾಂಕಿನಿಂದ ವ್ಯಾಲ್ಯುಯರ್ ಬಂದಿದ್ದ. ಕೆಳಗಿನ ಮನೆಯನ್ನು ಇಂಚಿಂಚೂ ಅಳೆದ ಹುಡುಗ, ಮಹಡಿ ರೂಮಿನ ಬಾಗಿಲಿಗೆ ಬಂದವನೇ ಕೈಲಿದ್ದ ಮಂಜೂರಾದ ಪ್ಲಾನ್ ನೋಡಿದ. ಟೇಪು ಸರ್ರನೆ ಡಬ್ಬಿಯೊಳಗೆ ಹೋಯಿತು.

"ಇದು ಪ್ಲಾನಲ್ಲಿ ಇಲ್ಲ ಮೇಡಂ."

ಆಗ ಬಂದದ್ದು ಆ ಉತ್ತರ. ಒಳಗೆ ಗೋಡೆಗೇ ಕಪ್ಪು ಬಳಿದು ಮಾಡಿದ ಬೋರ್ಡು, ಎರಡು ಉದ್ದ ಬೆಂಚು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅವರು ಟ್ಯೂಷನ್ ಹೇಳಿದ ಜಾಗ. "ಕಂದಾಯ ಕಟ್ತಿದೀನಪ್ಪಾ ಇದಕ್ಕೂ" ಅಂದರು. ಕಂದಾಯ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ ಅನ್ನುವುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಒಳ್ಳೆಯ ಹುಡುಗ.

ಗುರುವಾರ ವರದಿ ಬಂತು: 78 ಲಕ್ಷ. ಈ ಮೊತ್ತದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಆಸ್ತಿ ಮೌಲ್ಯದ ಶೇ. 80. ಭಾವ 72 ಲಕ್ಷ ನಂಬಿಕೊಂಡಿದ್ದರು, ಸಿಗುವುದು 62 ಚಿಲ್ಲರೆ. ಮುದ್ರಾಂಕ ಶುಲ್ಕ ಇದರಲ್ಲಿ ಸೇರಿಲ್ಲ. ನೋಂದಣಿ ಶುಲ್ಕ ಬೇರೆ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ಸಾಲ ಕಮ್ಮಿ ಬಂದರೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟಿನಲ್ಲಿ ಬರೆಸೋಣ ಅಂದಾಗ ಬ್ರೋಕರ್, "ಟೀಚರ್ ಮನೆ ಸಾರ್, ನಂಬಿಕೆ ಸಾಲದಾ?" ಅಂದಿದ್ದ. ನಂಬಿಕೆಯ ಮಾತು ಬ್ರೋಕರ್ ಬಾಯಲ್ಲಿ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆದರೂ ನನಗೆ ಕಾಡುತ್ತಿರುವುದು ದುಡ್ಡಲ್ಲ. ಸಂಜೆ ವಾಕಿಂಗಿನಲ್ಲಿ ಈಗ ಎಲ್ಲರ ಮನೆಯ ಮಹಡಿಯನ್ನೇ ನೋಡುತ್ತೇನೆ. ಶೀಟು ಹೊದಿಸಿದ ರೂಮು, ಪೋರ್ಟಿಕೋ ಮೇಲೆ ಎದ್ದ ಬಾಡಿಗೆ ಮನೆ. ಅಲ್ಲಿ ಬಾಣಂತನ ನಡೆದಿದೆ, ಸಿಇಟಿಗೆ ಓದಿದ್ದಾರೆ, ಪೋಸ್ಟ್‌ಮ್ಯಾನ್‌ಗೂ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಇಂಥ ಕಟ್ಟಡಗಳನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ಬರುತ್ತೆ ಅಂತ ಕಾದವರ ಆಸೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಿತ್ತು. ವ್ಯಾಲ್ಯುಯರ್ ಮಾಡಿದ್ದು ಸರಿಯೇ. ಸಾಲ ಮುಳುಗಿದರೆ ಬ್ಯಾಂಕು ಹರಾಜು ಹಾಕಬೇಕಾದ್ದು ಕಾಗದದಲ್ಲಿರುವ ಮನೆಯನ್ನು. ಅವನು ಸರಿ ಅಂತ ಒಪ್ಪಿದಷ್ಟೂ ಟೀಚರ ಮಾತು ಇನ್ನೂ ಸರಿ ಅನ್ನಿಸುತ್ತದೆ, ಅದೇ ನನ್ನ ತಾಪತ್ರಯ.

ಶನಿವಾರ ಮಾತಾಡಲು ಭಾವನ ಜೊತೆ ಟೀಚರ ಮನೆಗೆ ಹೋದೆ. ಟೀಚರು ವರದಿಯನ್ನು ಉತ್ತರಪತ್ರಿಕೆಯ ಹಾಗೆ ಎರಡು ಸಲ ಓದಿದರು.

"ಮೂರು ಲಕ್ಷ ಬಿಡ್ತೀನಿ. ಆದ್ರೆ ರೂಮಿನ ಲೆಕ್ಕಕ್ಕಲ್ಲ, ಪ್ಯಾರಾಪೆಟ್ ಬಿರುಕು ಬಿಟ್ಟಿದೆ, ಅದಕ್ಕೆ."

ಭಾವ ಹೂಂ ಅಂದರು. ಸಾಲವೇನೂ ಇದರಿಂದ ಹೆಚ್ಚುವುದಿಲ್ಲ. ಕೈಯಿಂದ ಹಾಕುವುದು ಮೂರು ಲಕ್ಷ ಕಮ್ಮಿ, ಅಷ್ಟೆ. ಉಳಿದದ್ದಕ್ಕೆ ಅಕ್ಕನ ಬಳೆ ಅಡವಿಡುವ ಮಾತು ನಡೆದಿದೆ. ಇನ್ನೊಂದು ಬ್ಯಾಂಕಿಗೂ ಅರ್ಜಿ ಹಾಕುತ್ತಿದ್ದಾರೆ, ಅವರೂ ಪ್ಲಾನ್ ಕೇಳದೆ ಬಿಡುವುದಿಲ್ಲ. ಬ್ರೋಕರ್ ಮಾತ್ರ ಕಮಿಷನ್ನು 90ರ ಮೇಲೇ ಕೇಳುತ್ತಿದ್ದಾನೆ.